ಹನ್ನೆರಡು ತಿಂಗಳ ಮೇಯರ್ ಕುರ್ಚಿ, ನಮ್ಮ ಸಾಲಿ, ನಮ್ಮ ಸಂಘ



ಪೋಸ್ಟ್ ಉದ್ದ ಐತಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮ್ಮ ಹುಡುಗರು, ಬಿಸಿಯೂಟದ ಅಕ್ಕಂದಿರು, ಪೌರಕಾರ್ಮಿಕ ಸಂಘದ ಅಣ್ಣಂದಿರು ಪೂರ್ತಿ ಓದಬೇಕು ಅಂತ ಕೇಳ್ಕೋತೀನಿ.

ಬೆಳಗಾವಿ ಮೇಯರ್ ಚುನಾವಣೆ ಬಂದಾಗೊಮ್ಮೆ ನಮ್ಮ ವಾಟ್ಸಾಪ್ ಗ್ರೂಪ್‌ಗಳೊಳಗೆ ಒಂದೇ ಪ್ರಶ್ನೆ ಓಡಾಡತೈತಿ. ಈ ಸಲ ಕನ್ನಡದವರೋ, ಮರಾಠಿಯವರೋ? ಯಾವ ಪಕ್ಷದವರು? ಯಾವ ಶಾಸಕರ ಕಡೆಯವರು? ನನ್ನ ಪ್ರಶ್ನೆ ಬೇರೆ. ಆ ಕುರ್ಚಿ ಮ್ಯಾಲೆ ಕೂತವರಿಗೆ ಒಂದು ಸರ್ಕಾರಿ ಸಾಲಿ ಉಳಿಸೋ ಅಧಿಕಾರ ಐತೇನು? ಗಟಾರ ಬಳಿಯೋ ಒಬ್ಬ ಮನುಷ್ಯನ ನೌಕರಿ ಕಾಯಂ ಮಾಡೋ ಅಧಿಕಾರ ಐತೇನು? ಇಲ್ಲ ಅಂದ್ರ, ಆ ಕುರ್ಚಿಗಾಗಿ ನಮ್ಮ ಮಂದಿ ಯಾಕ ಎರಡು ಭಾಗ ಆಗಬೇಕು?

ಮೊದಲು ಇತಿಹಾಸ ನೆನಪು ಮಾಡ್ಕೊಳ್ಳೋಣ. 2005ರ ಅಕ್ಟೋಬರ್‌ನಲ್ಲಿ ಬೆಳಗಾವಿ ಪಾಲಿಕೆ ಮಹಾರಾಷ್ಟ್ರಕ್ಕೆ ಸೇರಬೇಕು ಅಂತ ಠರಾವು ಪಾಸು ಮಾಡ್ತು. ನವೆಂಬರ್‌ನಲ್ಲಿ ಬೆಂಗಳೂರಿನೊಳಗೆ ಅಂದಿನ ಮೇಯರ್ ವಿಜಯ ಮೋರೆ ಅವರ ಮುಖಕ್ಕೆ ಮಸಿ ಬಳಿದರು. ಅದೇ ತಿಂಗಳು ಸರ್ಕಾರ ಪಾಲಿಕೆಯನ್ನೇ ವಿಸರ್ಜನೆ ಮಾಡ್ತು. 2011ರಲ್ಲಿ ರಾಜ್ಯೋತ್ಸವದ ದಿನ ಎಂಇಎಸ್ ನಡೆಸಿದ ಕರಾಳ ದಿನದೊಳಗೆ ಮೇಯರ್ ಪಾಲ್ಗೊಂಡರು ಅಂತ ಗದ್ದಲ ಆತು, ಡಿಸೆಂಬರ್‌ನೊಳಗೆ ಮತ್ತೊಮ್ಮೆ ಪಾಲಿಕೆ ಸೂಪರ್‌ಸೀಡ್ ಆತು. ಎರಡೂ ಸಲ ಜಗಳ ಭಾಷೆದು. ಎರಡೂ ಸಲ ಓಟು ಹಾಕಿದ ಮಂದಿಯ ಪ್ರತಿನಿಧಿಗಳು ಮನೆಗೆ ಹೋದ್ರು, ಊರು ಅಧಿಕಾರಿಗಳ ಕೈಗೆ ಹೋತು. ಕೇರಿಯೊಳಗೆ ನೀರು ಬರಲಿಲ್ಲ ಅಂತ ಕೇಳಾಕ ಒಬ್ಬ ಮೆಂಬರ್ ಕೂಡ ಇರಲಿಲ್ಲ.

2018ರದ್ದು ಇನ್ನೂ ಮಜಾ ಐತಿ. ಆಗ ಪಾಲಿಕೆಯೊಳಗೆ ಬಹುಮತ ಮರಾಠಿ ಗುಂಪಿಂದು. ಆದ್ರ ಮೇಯರ್ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು, ಆ ವರ್ಗದ ಸದಸ್ಯರು ಇದ್ದದ್ದು ಕನ್ನಡ ಗುಂಪಿನೊಳಗೆ. ಬಸಪ್ಪ ಚಿಕ್ಕಲದಿನ್ನಿ ಮೇಯರ್ ಆದ್ರು. ಕನ್ನಡಿಗ ಮೇಯರ್ ಆದ ಅಂತ ಪಟಾಕಿ ಹೊಡೆದ್ರು. ಆ ಗೆಲುವು ಬಂದಿದ್ದು ಮೀಸಲಾತಿ ರೋಸ್ಟರ್‌ನಿಂದ, ಅಂದ್ರ ಬಾಬಾಸಾಹೇಬರ ಸಂವಿಧಾನದಿಂದ. ಬೇರೆ ದಿನ ಮೀಸಲಾತಿ ಅಂದ್ರ ಮೂಗು ಮುರಿಯೋ ಎಷ್ಟು ಮಂದಿ ಅವತ್ತು ಗುಲಾಲು ಹಾರಿಸಿದ್ರು ಅನ್ನೋದನ್ನ ನಾವು ಮರೀಬಾರದು.

ಮುಂದ 2021. ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಪಕ್ಷದ ಚಿಹ್ನೆ ಮೇಲೆ ಚುನಾವಣೆ ಆತು. 58 ವಾರ್ಡ್‌ಗಳಲ್ಲಿ ಬಿಜೆಪಿ 35 ಗೆದ್ದಿತು, ಕಾಂಗ್ರೆಸ್ 10. ಸ್ಪಷ್ಟ ಬಹುಮತ ಇತ್ತಲ್ಲ, ಮರುವಾರ ಮೇಯರ್ ಆಗಬೇಕಿತ್ತು ಅಂತೀರೇನು? ಮೇಯರ್ ಆಯ್ಕೆ ಆಗಿದ್ದು 2023ರ ಫೆಬ್ರುವರಿ 6ಕ್ಕೆ. ಹದಿನೇಳು ತಿಂಗಳು ಗೆದ್ದವರು ಮನ್ಯಾಗ ಕೂತರು, ಆಡಳಿತ ಅಧಿಕಾರಿಗಳು ನಡೆಸಿದರು. ಭಾಷೆ ಸಲುವಾಗಿ ಬೀದಿಗೆ ಇಳಿಯೋ ಎರಡೂ ಕಡೆಯ ಸಂಘಟನೆಗಳು ಈ ಹದಿನೇಳು ತಿಂಗಳಿಗೆ ಒಂದು ದಿನಾನೂ ಊರು ಬಂದ್ ಮಾಡಲಿಲ್ಲ.

2024ರ ಫೆಬ್ರುವರಿಯೊಳಗೆ ಮೇಯರ್ ಸ್ಥಾನ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾತು. ಸವಿತಾ ಕಾಂಬಳೆ ಅವಿರೋಧವಾಗಿ ಆಯ್ಕೆ ಆದ್ರು. ನಾನು ಅವರ ಪಕ್ಷದವನಲ್ಲ. ಆದರೂ ನಮ್ಮ ಕಾಂಬಳೆ ಮನೆತನದ ಒಬ್ಬ ಹೆಣ್ಣುಮಗಳು ಬೆಳಗಾವಿಯಂಥ ಊರಿನ ಮೊದಲ ಪ್ರಜೆ ಆಗಿದ್ದು ನನಗೂ ಹೆಮ್ಮೆ. ಆದ್ರ ಎಷ್ಟು ದಿನದ ಹೆಮ್ಮೆ? ಹನ್ನೆರಡು ತಿಂಗಳು. 2025ರ ಮಾರ್ಚ್‌ಗೆ ಮತ್ತೊಬ್ಬರು ಬಂದ್ರು, ಆ ಚುನಾವಣೆಗೂ ಸದಸ್ಯರ ಅನರ್ಹತೆಯ ತಕರಾರು ಅಂಟಿಕೊಂಡಿತ್ತು.

ಈಗ ಲೆಕ್ಕ ಹಾಕ್ರಿ. ಕರ್ನಾಟಕ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆ 1976ರದ್ದು. ಅದರ ಪ್ರಕಾರ ಬೆಳಗಾವಿ ಮೇಯರ್‌ಗಳಿಗೆ ಸಿಕ್ಕಿದ್ದು ಒಂದೇ ವರ್ಷ. ಕಾರ್ಯಾಂಗದ ಅಧಿಕಾರ ಆಯುಕ್ತರದ್ದು. ಫೈಲಿಗೆ ಸಹಿ ಅವರದ್ದು, ಟೆಂಡರ್ ಅವರದ್ದು, ನೌಕರರ ಮೇಲಿನ ಹಿಡಿತ ಅವರದ್ದು. ಮೇಯರ್ ಸಭೆ ನಡೆಸಬಹುದು, ಕಡತ ತರಿಸಿ ನೋಡಬಹುದು, ಜೋರು ಮಾಡಬಹುದು. ಮೇಯರ್ ಆರಿಸೋರು ಮತದಾರರಲ್ಲ, 58 ಸದಸ್ಯರು. ಅವರ ಜೊತೆ ಶಾಸಕರಿಗೆ, ಸಂಸದರಿಗೆ, ಪರಿಷತ್ ಸದಸ್ಯರಿಗೂ ಓಟು. ಒಂದು ವರ್ಷದೊಳಗೆ ಮೊದಲ ಎರಡು ತಿಂಗಳು ಸನ್ಮಾನ, ಹಾರ, ಶಾಲು. ಕಡೇ ಎರಡು ತಿಂಗಳು ಮುಂದಿನವರ ಲಾಬಿ. ನಡುವೆ ಒಂದು ಬಜೆಟ್. ಅಷ್ಟರಾಗ ಒಬ್ಬ ಮನುಷ್ಯ ಯಾವ ಕಚೇರಿಯೊಳಗ ಯಾವ ಫೈಲ್ ಎಲ್ಲಿ ಐತಿ ಅಂತ ತಿಳ್ಕೊಳ್ಳೋದ ಕಷ್ಟ.

ನಮ್ಮ ತಾಲೂಕುಗಳ ಜೊತೆ ಹೋಲಿಸಿ ನೋಡ್ರಿ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಪುರಸಭೆಗಳು. ಕಿತ್ತೂರದು ಪಟ್ಟಣ ಪಂಚಾಯ್ತಿ. ಇಲ್ಲಿನ ಅಧ್ಯಕ್ಷರಿಗೆ ಕಾಯ್ದೆ ಕೊಟ್ಟಿದ್ದು 30 ತಿಂಗಳು. ಬೆಂಗಳೂರಿಗೆ ಅಂತ 2020ರಲ್ಲಿ ಮಾಡಿದ ಬಿಬಿಎಂಪಿ ಕಾಯ್ದೆಯೊಳಗೂ ಮೇಯರ್‌ಗೆ 30 ತಿಂಗಳು ಅಂತ ಬರೆದರು. (ಅಲ್ಲಿ 2015ರ ನಂತರ ಪಾಲಿಕೆ ಚುನಾವಣೆ ನಡೆಸದೇ ಕೂತಿದ್ದು ಬೇರೆ ಕಥೆ.) ರಾಮದುರ್ಗದ ಅಧ್ಯಕ್ಷರಿಗೆ ಎರಡೂವರೆ ವರ್ಷ, ಅಷ್ಟು ದೊಡ್ಡ ಬೆಳಗಾವಿ ನಡೆಸೋ ದಲಿತ ಹೆಣ್ಣುಮಗಳಿಗೆ ಒಂದು ವರ್ಷ. ಇದು ಯಾವ ನ್ಯಾಯ?

ಈಗ ಸಾಲಿ ಮಾತಿಗೆ ಬರ್ತೀನಿ. ಬೆಳಗಾವಿ ಶೈಕ್ಷಣಿಕ ಜಿಲ್ಲೆಯೊಳಗೆ ನಮ್ಮ ನಾಲ್ಕೂ ತಾಲೂಕು ಬರ್ತಾವು. ನಮ್ಮ ಬಿಇಓಗಳ ಮೇಲಿನ ಡಿಡಿಪಿಐ ಕೂರೋದು ಬೆಳಗಾವಿಯೊಳಗೆ. ಪಾಲಿಕೆ ಸಭೆಯೊಳಗೆ ನೋಟಿಸು ಕನ್ನಡದಾಗ ಕೊಡ್ರಿ, ಮರಾಠಿಯೊಳಗ ಕೊಡ್ರಿ ಅಂತ ತಾಸುಗಟ್ಟಲೆ ಜಗಳ ಆಡ್ತಾರ. ಆದ್ರ ಕನ್ನಡ ಸಾಲಿಗೂ ಮರಾಠಿ ಸಾಲಿಗೂ ಮಾಸ್ತರ ಕೊಡೋ ಅಧಿಕಾರ ಆ ಸಭೆಗೆ ಇಲ್ಲ. ಅದು ರಾಜ್ಯ ಸರ್ಕಾರದ್ದು. ಭಾಷೆ ಉಳಿಯೋದು ನಾಮಫಲಕದಿಂದಲೋ, ಸಾಲಿಯಿಂದಲೋ? ಕನ್ನಡ ಸಾಲಿಗೆ ಹೋಗೋ ಮಕ್ಕಳು ಯಾರವು? ಊರಿನ ಗೌಡರ ಮಕ್ಕಳು, ಕನ್ನಡ ಹೋರಾಟಗಾರರ ಮಕ್ಕಳು ಇಂಗ್ಲಿಷ್ ಮೀಡಿಯಂ ಬಸ್ ಹತ್ತಿ ಹೋಗ್ಯಾವು. ಮರಾಠಿ ಸಾಲಿಯೊಳಗೂ ಇದೇ ಕಥೆ. ಎರಡೂ ಕಡೆ ಉಳಿದಿದ್ದು ನಮ್ಮ ಕೇರಿ ಮಕ್ಕಳು, ಕೂಲಿ ಮಂದಿ ಮಕ್ಕಳು, ದುಡಿಯಾಕ ಗೋವಾಕ್ಕೆ ಹೋದ ಅಪ್ಪ-ಅವ್ವ ಅಜ್ಜಿ ಕಡೆ ಬಿಟ್ಟು ಹೋದ ಮಕ್ಕಳು.

ಮೊದಲು ಆರ್‌ಟಿಇ ಸೀಟು ಅಂತ ಒಂದು ಬಾಗಿಲು ಇತ್ತು. ಖಾಸಗಿ ಶಾಲೆಯೊಳಗೆ ಶೇ 25 ಸೀಟು. 2019ರಿಂದ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯೊಳಗೆ ಆ ಸೀಟು ಇಲ್ಲ ಅಂತ ನಿಯಮ ತಿದ್ದಿದರು. ಸರಿ, ಸರ್ಕಾರಿ ಶಾಲೆಗೇ ಹೋಗ್ರಿ ಅಂದ್ರಲ್ಲ, ಹಂಗಾದ್ರ ಆ ಶಾಲೆ ಗಟ್ಟಿ ಇರಬೇಕಲ್ಲ? ಈಗ ಕರ್ನಾಟಕ ಪಬ್ಲಿಕ್ ಸ್ಕೂಲ್ ಬಂದಾವು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದ ನೆರವಿನಿಂದ ಇನ್ನೂ 500 ಅಂತ 2025-26ರ ಬಜೆಟ್‌ನೊಳಗೆ ಹೇಳಿದರು. ದೊಡ್ಡ ಕಟ್ಟಡ, ಎಲ್‌ಕೆಜಿಯಿಂದ ಪಿಯುಸಿವರೆಗೂ ಒಂದೇ ಕಾಂಪೌಂಡು. ಬೇಡ ಅಂತ ನಾನು ಹೇಳಲ್ಲ. ಆದ್ರ ಸುತ್ತಲಿನ ಸಣ್ಣ ಸಾಲಿಗಳನ್ನ ಇದರೊಳಗೆ ವಿಲೀನ ಮಾಡ್ತಾರ ಅನ್ನೋ ಭಯ ರಾಜ್ಯದ ತುಂಬ ಐತಿ. ಯಾವ ಶಾಲೆಯನ್ನೂ ಮುಚ್ಚಲ್ಲ ಅಂತ ಸರ್ಕಾರ ಹೇಳೈತಿ. ಆ ಮಾತನ್ನ ನಾವು ಬರವಣಿಗೆಯೊಳಗೆ, ಸಾಲಿ-ಸಾಲಿ ಹೆಸರು ಹಿಡಿದು ಕೇಳಬೇಕು.

ಯಾಕಂದ್ರ ಬಾಗಿಲಿಗೆ ಕೀಲಿ ಹಾಕದೇನೂ ಸಾಲಿ ಮುಚ್ಚಬಹುದು. ಕಾಯಂ ಮಾಸ್ತರನ್ನ ಕೊಡಬೇಡ್ರಿ, ಅತಿಥಿ ಶಿಕ್ಷಕರಿಂದ ವರ್ಷ ದೂಡ್ರಿ, ಮಕ್ಕಳು ತಾವಾಗೇ ಕಡಿಮೆ ಆಗ್ತಾವು. ಆಮೇಲೆ ಹಾಜರಾತಿ ಕಡಿಮೆ ಅಂತ ಬರೀರಿ. ಆರ್‌ಟಿಇ ನಿಯಮದ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗೆ ಇರಬೇಕು. ಕೇರಿಯ ಆರು ವರ್ಷದ ಹುಡುಗಿ ನಾಲ್ಕು ಕಿಲೋಮೀಟರ್ ನಡೆದು ಹೋಗೋದು ಅಂದ್ರ, ಐದನೇ ಕ್ಲಾಸಿಗೆ ಆಕಿ ಸಾಲಿ ಬಿಡ್ತಾಳ ಅಂತ ಅರ್ಥ. ಸವದತ್ತಿ ಗುಡ್ಡದ ಸುತ್ತಲಿನ ಹಳ್ಳಿಗಳೊಳಗೆ ಸಾಲಿ ಬಿಟ್ಟ ಹುಡುಗಿಗೆ ಏನೇನು ಕಾದಿರ್ತೈತಿ ಅಂತ ಇಲ್ಲಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಜರಾತಿ ಕಡಿಮೆ ಆಗೋದಕ್ಕ ಜಾತೀನೂ ಕಾರಣ ಐತಿ, ಅದು ಯಾವ ರಿಪೋರ್ಟ್‌ನೊಳಗೂ ಬರಲ್ಲ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲೂಕಿನ ಹೊಮ್ಮ ಗ್ರಾಮದ್ದು ಸುದ್ದಿ ಆತು. ಬಿಸಿಯೂಟಕ್ಕ ದಲಿತ ಮಹಿಳೆ ಮುಖ್ಯ ಅಡುಗೆಯವರಾಗಿ ಬಂದ್ರು ಅಂತ ಪಾಲಕರು ಮಕ್ಕಳನ್ನ ಸಾಲಿ ಬಿಡಿಸಾಕ ಹತ್ತಿದ್ರು. ದೊಡ್ಡ ಸುದ್ದಿ ಆಗಿದ್ದಕ್ಕ ಅಧಿಕಾರಿಗಳು ಓಡಿ ಬಂದ್ರು. ಸುದ್ದಿ ಆಗದೇ ಹೋಗಿದ್ರ? ಮಕ್ಕಳ ಸಂಖ್ಯೆ ಕಡಿಮೆ, ವಿಲೀನ ಮಾಡಬಹುದು ಅಂತ ಒಂದು ಸಾಲು ಬರೀತಿದ್ರು, ಅಷ್ಟ. ಅಡುಗೆ ಮಾಡೋ ಅಕ್ಕನ ನೌಕರಿ ಮತ್ತು ಊಟ ಮಾಡೋ ಮಗುವಿನ ಸಾಲಿ, ಎರಡೂ ಒಂದೇ ಹಗ್ಗದ ಮ್ಯಾಲೆ ನಿಂತಾವು.

ಇಲ್ಲಿಂದ ಸಂಘದ ಮಾತು. ನಮ್ಮ ಕೇರಿ ಮಂದಿ ದುಡಿಯೋ ಸರ್ಕಾರಿ ಕೆಲಸ ನೋಡ್ರಿ. ಪೌರಕಾರ್ಮಿಕರು, ಬಿಸಿಯೂಟದವರು, ಅಂಗನವಾಡಿ ಸಹಾಯಕಿಯರು, ಹಾಸ್ಟೆಲ್ ಅಡುಗೆಯವರು, ಅತಿಥಿ ಶಿಕ್ಷಕರು. ಹೆಚ್ಚಿನವರು ಗೌರವಧನ, ಹೊರಗುತ್ತಿಗೆ, ನೇರ ಪಾವತಿ. ನೌಕರಿ ಅನ್ನೋ ಹೆಸರ ಇಲ್ಲ. ಬೆಂಗಳೂರಿನ ಪೌರಕಾರ್ಮಿಕರು 2022ರ ಜುಲೈನಲ್ಲಿ ಕೆಲಸ ನಿಲ್ಲಿಸಿ ಕೂತರು. ನಾಲ್ಕು ದಿನಕ್ಕ ಊರಿನ ವಾಸನಿ ವಿಧಾನಸೌಧಕ್ಕ ಮುಟ್ಟಿತು. ಕಾಯಂ ಮಾಡ್ತೀವಿ ಅನ್ನೋ ಭರವಸೆ ಬಂತು. 2025ರ ಮೇ 1ಕ್ಕೆ 12,692 ಮಂದಿಗೆ ನೇಮಕಾತಿ ಪತ್ರ ಸಿಕ್ತು. ಇದನ್ನ ಯಾವ ಮೇಯರೂ ಕೊಡಲಿಲ್ಲ, ಆಗ ಬೆಂಗಳೂರಿಗೆ ಮೇಯರೇ ಇರಲಿಲ್ಲ. ಕಸಬರಿಗೆ ಕೆಳಗ ಇಟ್ಟ ಹೆಣ್ಣುಮಕ್ಕಳು ತಗೊಂಡ್ರು. ಆದ್ರ ಕಸದ ಗಾಡಿ ಡ್ರೈವರ್, ಲೋಡರ್, ಒಳಚರಂಡಿ ಕೆಲಸದವರು ಎಷ್ಟೋ ಊರೊಳಗೆ ಇನ್ನೂ ಗುತ್ತಿಗೆದಾರನ ಕೈಯಾಗ ಅದಾರು. ಭಾರತ ಹುಣ್ಣಿಮೆ ಜಾತ್ರಿ ಮುಗಿದ ಮರುದಿನ ಯಲ್ಲಮ್ಮನ ಗುಡ್ಡ ಬಳಿಯೋ ಕೈಗಳಿಗೆ ಗ್ಲೌಸ್ ಐತೋ ಇಲ್ಲೋ, ಹೋಗಿ ನೋಡಿ ಬರ್ರಿ.

ಸಾಲಿ ಬೇರೆ, ಕಸಬರಿಗೆ ಬೇರೆ ಅಂತ ತಿಳಿದವರು 2023ರ ಡಿಸೆಂಬರ್ ನೆನಪು ಮಾಡ್ಕೋಬೇಕು. ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಳಗೆ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ರು. ಪ್ರಾಂಶುಪಾಲರ ಬಂಧನ ಆತು. ಅಪ್ಪನ ಕೆಲಸ ಬಿಡಿಸಾಕ ಅಂತ ಮಗನ್ನ ಸಾಲಿಗೆ ಕಳಿಸಿದ್ರ, ಸಾಲಿಯೊಳಗ ಅದೇ ಗುಂಡಿ ಕಾದಿತ್ತು. ಇಂಥ ಸರ್ಕಾರಿ ವಸತಿ ಶಾಲೆಗಳಿಗೆ ನಮ್ಮ ಕಿತ್ತೂರು ರಾಣಿ ಚೆನ್ನಮ್ಮನ ಹೆಸರೂ ಐತಿ. ಆ ಹೆಸರಿಗಾದ್ರೂ ನಾವು ಎಚ್ಚರ ಇರಬೇಕು.

ಸಂಘ ಅಂದ ಕೂಡಲೇ ಎಲ್ಲ ಸಂಘಾನೂ ನಮ್ಮದಾಗಲ್ಲ, ಇದನ್ನೂ ಹೇಳಬೇಕು. ನಮ್ಮ ಭಾಗಕ್ಕೆ ವಾಯವ್ಯ ಶಿಕ್ಷಕರ ಕ್ಷೇತ್ರ ಅಂತ ಐತಿ, ವಿಧಾನ ಪರಿಷತ್ತಿಗೆ ಒಬ್ಬರನ್ನ ಕಳಿಸ್ತೈತಿ. ಅದರೊಳಗೆ ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಶಿಕ್ಷಕರಿಗೆ ಮಾತ್ರ ಓಟು. ಪ್ರಾಥಮಿಕ ಸಾಲಿ ಮಾಸ್ತರಿಗೆ ಓಟಿಲ್ಲ, ಅಂಗನವಾಡಿ ಅಕ್ಕನಿಗಿಲ್ಲ, ಅನ್ನ ಬೇಯಿಸೋ ಅವ್ವನಿಗಂತೂ ಇಲ್ಲವೇ ಇಲ್ಲ. ಬಾಬಾಸಾಹೇಬರು ಈ ಪಾಠ 1928ರಲ್ಲೇ ಹೇಳಿದ್ರು. ಮುಂಬೈ ಗಿರಣಿ ಮುಷ್ಕರದ ಹೊತ್ತಿನೊಳಗೆ ಅವರು ಎತ್ತಿದ ಪ್ರಶ್ನೆ ಇದು: ನೂಲನ್ನ ಬಾಯಿಂದ ಎಳೀಬೇಕಾಗ್ತೈತಿ, ಮೈಲಿಗೆ ಆಗ್ತೈತಿ ಅಂತ ನೇಯ್ಗೆ ಖಾತೆಯೊಳಗೆ ಅಸ್ಪೃಶ್ಯ ಕಾರ್ಮಿಕರನ್ನ ಯಾಕ ಬಿಡಲ್ಲ? ಅಲ್ಲಿ ಪಗಾರ ಹೆಚ್ಚಿತ್ತು. ಹಂಗಂತ ಅವರು ಸಂಘಟನೆಯಿಂದ ದೂರ ಹೋಗಲಿಲ್ಲ. ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದ್ರು, 1938ರ ನವೆಂಬರ್ 7ಕ್ಕೆ ಮುಷ್ಕರದ ಹಕ್ಕು ಕಸಿಯೋ ಮಸೂದೆ ವಿರುದ್ಧ ಕಮ್ಯುನಿಸ್ಟರ ಜೊತೆ ಸೇರಿ ಮುಷ್ಕರ ನಡೆಸಿದ್ರು. ಜಾತಿಯ ಪ್ರಶ್ನೆ ಬಿಡಲಿಲ್ಲ, ಕೂಲಿಯ ಪ್ರಶ್ನೆನೂ ಬಿಡಲಿಲ್ಲ.

ಮತ್ತ ಭಾಷೆ? ನಮ್ಮ ಚಳವಳಿ ಈ ಜಿಲ್ಲೆಗೆ ಬಂದಿದ್ದು ಯಾವ ಭಾಷೆಯೊಳಗ? 1925ರಲ್ಲಿ ಬಾಬಾಸಾಹೇಬರು ನಿಪ್ಪಾಣಿಗೆ ಬಂದಾಗ ಬೆಳಗಾವಿ ಮುಂಬೈ ಪ್ರಾಂತ್ಯದಾಗ ಇತ್ತು. 1929ರ ಹೊತ್ತಿಗೆ ಧಾರವಾಡದೊಳಗೆ ಅಸ್ಪೃಶ್ಯ ಮಕ್ಕಳಿಗೆ ಅವರು ಶುರು ಮಾಡಿದ ವಿದ್ಯಾರ್ಥಿ ನಿಲಯವನ್ನ ಬಳವಂತರಾವ್ ವರಾಳೆ ನಡೆಸಿದರು. ಅಲ್ಲಿ ಮಗು ಮನ್ಯಾಗ ಯಾವ ಭಾಷೆ ಆಡ್ತೈತಿ ಅಂತಲ್ಲ, ಓದಾಕ ಜಾಗ ಐತೋ ಇಲ್ಲೋ ಅನ್ನೋದು ಮುಖ್ಯ ಆಗಿತ್ತು. ಇವತ್ತು ಬೆಳಗಾವಿ ಊರೊಳಗೆ ಮನ್ಯಾಗ ಮರಾಠಿ ಆಡೋ ದಲಿತರು ಅದಾರು, ನಮ್ಮ ಕಡೆ ಕನ್ನಡ ಆಡೋ ದಲಿತರು ಅದಾರು. ಇಬ್ಬರ ಕೈಯೊಳಗೂ ಅದೇ ಕಸಬರಿಗೆ. ಮೇಯರ್ ಚುನಾವಣೆಯ ಭಾಷಾ ಜಗಳ ಮೊದಲು ಸೀಳೋದು ನಮ್ಮನ್ನ.

ಹೊರಗಿನ ಒಂದು ಊರಿನ ಕಥೆ ಹೇಳ್ತೀನಿ. ಅಮೆರಿಕದ ಕಪ್ಪು ಜನರಿಂದ ನಾವು ಕಲಿಯೋದು ಹೊಸದಲ್ಲ. 1946ರಲ್ಲೇ ಬಾಬಾಸಾಹೇಬರು ಡುಬೋಯಿಸ್ ಅವರಿಗೆ ಕಾಗದ ಬರೆದಿದ್ದರು, 1972ರ ದಲಿತ ಪ್ಯಾಂಥರ್ ಹೆಸರು ಬಂದಿದ್ದೂ ಅಲ್ಲಿಂದಲೇ. ಚಿಕಾಗೋದಲ್ಲಿ 1983ಕ್ಕೆ ಹೆರಾಲ್ಡ್ ವಾಷಿಂಗ್ಟನ್ ಮೊದಲ ಕಪ್ಪು ಮೇಯರ್ ಆದ್ರು. 50 ಸದಸ್ಯರ ಪಾಲಿಕೆಯೊಳಗೆ 29 ಮಂದಿ ಒಟ್ಟಾಗಿ ಮೂರು ವರ್ಷ ಅವರನ್ನ ಕೆಲಸ ಮಾಡಾಕ ಬಿಡಲಿಲ್ಲ. ಕುರ್ಚಿ ಸಿಕ್ಕರೆ ಅಧಿಕಾರ ಸಿಕ್ಕಂಗಲ್ಲ ಅಂತ ಅವರಿಗೂ ಗೊತ್ತಾತು. 1995ರಿಂದ ಅಲ್ಲಿನ ಶಾಲಾ ಮಂಡಳಿಯನ್ನ ಮೇಯರೇ ನೇಮಿಸೋ ಕಾಯ್ದೆ ಬಂತು. 2013ರಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಅಂತ ಸುಮಾರು 50 ಶಾಲೆ ಒಂದೇ ಸಲಕ್ಕ ಮುಚ್ಚಿದ್ರು. ಬಹುಪಾಲು ಕಪ್ಪು ಮಕ್ಕಳ ಶಾಲೆಗಳು. ಕಾರಣ ಕೇಳಿದ್ರೇನು? ನಮ್ಮಲ್ಲಿ ಹೇಳೋ ಕಾರಣಾನ.

ಆದ್ರ ಅಲ್ಲಿ ಶಿಕ್ಷಕರ ಸಂಘ ಪಗಾರದ ಮಾತಿಗೇ ನಿಲ್ಲಲಿಲ್ಲ. 2012ರಲ್ಲಿ ಕ್ಯಾರನ್ ಲೂಯಿಸ್ ಮುಂದಾಳತ್ವದೊಳಗೆ ಏಳು ಶಾಲಾ ದಿನ ಮುಷ್ಕರ ಹೂಡಿದಾಗ ತರಗತಿ ಗಾತ್ರ, ಬಡ ಓಣಿಯ ಶಾಲೆಗಳ ಪ್ರಶ್ನೆ ಮುಂದಿಟ್ರು. 2015ರಲ್ಲಿ ಡಯಟ್ ಅನ್ನೋ ಒಂದು ಹೈಸ್ಕೂಲ್ ಉಳಿಸಾಕ ಪಾಲಕರು, ಹೋರಾಟಗಾರರು 34 ದಿನ ಉಪವಾಸ ಕೂತರು. ಮರುವರ್ಷ ಶಾಲೆ ಬಾಗಿಲು ತೆರೀತು. 2023ರ ಏಪ್ರಿಲ್‌ನಲ್ಲಿ ಮೇಯರ್ ಚುನಾವಣೆಯ ಕೊನೇ ಸುತ್ತಿನೊಳಗೆ ಶಾಲಾ ಆಡಳಿತದ ಹಳೇ ಮುಖ್ಯಸ್ಥ ಪಾಲ್ ವ್ಯಾಲಸ್ ಒಂದು ಕಡೆ, ಮಾಸ್ತರಾಗಿ, ಶಿಕ್ಷಕರ ಸಂಘದ ಸಂಘಟಕನಾಗಿ ದುಡಿದ ಬ್ರ್ಯಾಂಡನ್ ಜಾನ್ಸನ್ ಇನ್ನೊಂದು ಕಡೆ. ಜಾನ್ಸನ್ ಗೆದ್ರು. ಗೆದ್ದ ಮ್ಯಾಲೂ ತಲೆನೋವು ತಪ್ಪಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಅವರೇ ನೇಮಿಸಿದ ಶಾಲಾ ಮಂಡಳಿಯ ಏಳೂ ಮಂದಿ ರಾಜೀನಾಮೆ ಕೊಟ್ರು. ದುಡ್ಡಿನ ಜಗಳ. ನಮ್ಮವರು ಗೆದ್ದರೆ ಎಲ್ಲ ಸರಿ ಹೋಗ್ತೈತಿ ಅಂತ ಅಲ್ಲೂ ಇಲ್ಲ. ಆದ್ರ ಒಂದು ಮಾತು ಗಮನಿಸ್ರಿ. ಅಲ್ಲಿ ಮೇಯರ್ ಚುನಾವಣೆಯೊಳಗೆ ಚರ್ಚೆ ಆಗಿದ್ದು ಸಾಲಿ, ಸಂಘ, ಪೊಲೀಸು, ತೆರಿಗೆ. ಇಲ್ಲಿ ಚರ್ಚೆ ಆಗೋದು ಮೇಯರ್ ಯಾವ ಬಣ್ಣದ ರುಮಾಲು ಸುತ್ತಿದ್ರು ಅಂತ.

ಕೆಲವರು ಕೇಳ್ತಾರ: ಒಂದೊಂದು ವರ್ಷ ಇದ್ರ ಎಲ್ಲಾ ವರ್ಗಕ್ಕೂ ಸರದಿ ಬರ್ತೈತಲ್ಲ, ಅವಧಿ ಉದ್ದ ಮಾಡಿದ್ರ ದಲಿತರಿಗೆ ಸಿಗೋ ಅವಕಾಶ ಕಡಿಮೆ ಆಗಲ್ಲೇನು? ಪ್ರಶ್ನೆ ಸರಿ ಐತಿ. ನಾನೂ ಬಹಳ ಯೋಚನೆ ಮಾಡೀನಿ. ಐದು ವರ್ಷಕ್ಕ ಐದು ಮೇಯರ್ ಬದಲಿಗೆ ಇಬ್ಬರು ಬರ್ತಾರ. ನಮ್ಮ ಸರದಿ ತಡ ಆಗ್ತೈತಿ, ನಿಜ. ಆದ್ರ ಮೀಸಲಾತಿ ಬಂದಿದ್ದು ಫೋಟೋ ಸಾಲಿನೊಳಗೆ ನಮ್ಮದೂ ಒಂದು ಫೋಟೋ ಇರಲಿ ಅಂತೇನು? ಎರಡು ಬಜೆಟ್ ಮಂಡನೆ ಆಗೋವರೆಗೂ ಕೂತು, ಆಯುಕ್ತರಿಗೆ ಲೆಕ್ಕ ಕೇಳಿ, ಹೇಳಿದ ಕೆಲಸ ಆತೋ ಇಲ್ಲೋ ಅಂತ ಮರುವರ್ಷ ನೋಡೋ ಹಂಗ ಇರಬೇಕು. ಮೀಸಲಾತಿ ರೋಸ್ಟರ್ ಹಂಗ ಇರಲಿ, ಅವಧಿ 30 ತಿಂಗಳಾಗಲಿ.

ಹಂಗಾದ್ರ ನಾವು ಮಾಡಬೇಕಾದ್ದೇನು? ದೊಡ್ಡ ಮಾತು ಬಿಟ್ಟು ಕೈಗೆ ಹತ್ತೋವಷ್ಟು ಹೇಳ್ತೀನಿ.

1. ಎಲ್ಲಾ ಪಾಲಿಕೆಗಳಿಗೂ ಮೇಯರ್ ಅವಧಿ ಕನಿಷ್ಠ 30 ತಿಂಗಳು, ಮೀಸಲಾತಿ ಸಮೇತ. ಗೆದ್ದ ಮೇಲೆ ಒಂದು ತಿಂಗಳೊಳಗೆ ಮೇಯರ್, ಅಧ್ಯಕ್ಷರ ಆಯ್ಕೆ ಆಗಲೇಬೇಕು ಅಂತ ಕಾಯ್ದೆಯೊಳಗೆ ಬರೀಲಿ. ಸುವರ್ಣ ಸೌಧದ ಚಳಿಗಾಲದ ಅಧಿವೇಶನದ ಹೊತ್ತಿಗೆ ಇದನ್ನ ಮನವಿಯಾಗಿ ಕೊಡೋಣ.

2. ನಿಮ್ಮ ಊರಿನ ಎಸ್‌ಡಿಎಂಸಿ ಪಟ್ಟಿ ತಗೊಂಡು ನೋಡ್ರಿ. ಕೇರಿಯ ಪಾಲಕರು ಎಷ್ಟು ಮಂದಿ? ಹೆಸರಿಗಿದ್ದವರು ಸಭೆಗೆ ಹೋಗ್ತಾರೇನು? ವಿಲೀನದ ಮಾತು ಬಂದ ಸಾಲಿಯೊಳಗೆ ಎಸ್‌ಡಿಎಂಸಿ ಠರಾವು ಮಾಡಿ ಬಿಇಓ ಕಚೇರಿಗೆ ಕೊಟ್ಟು, ಸ್ವೀಕೃತಿ ತಗೊಳ್ರಿ.

3. ಪುರಸಭೆ, ಪಟ್ಟಣ ಪಂಚಾಯ್ತಿಯ ಶೇ 24.10 ಪರಿಶಿಷ್ಟರ ನಿಧಿ ಲೆಕ್ಕ ಮಾಹಿತಿ ಹಕ್ಕಿನೊಳಗೆ ಕೇಳ್ರಿ. ಎಷ್ಟು ಮಂಜೂರು, ಎಷ್ಟು ಖರ್ಚು, ಎಷ್ಟು ಮಕ್ಕಳ ಓದಿಗೆ ಹೋತು. ನಾಲ್ಕೂ ಊರಿನ ಕಾಗದ ಒಂದೇ ದಿನ ಹಾಕೋಣ.

4. 700 ಜನಕ್ಕ ಒಬ್ಬ ಪೌರಕಾರ್ಮಿಕ ಅನ್ನೋದು ಸರ್ಕಾರದ ಮಾನದಂಡ. ನಿಮ್ಮ ಊರಿಗೆ ಎಷ್ಟು ಇರಬೇಕು, ಎಷ್ಟು ಅದಾರು, ಅದರಾಗ ಕಾಯಂ ಎಷ್ಟು? ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನ ಹಾರ ಹಾಕಾಕ ಬಂದ ಮೆಂಬರ್‌ಗಳ ಎದುರಿಗೆ ಈ ಲೆಕ್ಕ ಓದ್ರಿ.

5. ಬಿಸಿಯೂಟದವರು, ಅತಿಥಿ ಶಿಕ್ಷಕರು, ಪೌರಕಾರ್ಮಿಕರು ಬೇರೆ ಬೇರೆ ಟೆಂಟಿನೊಳಗೆ ಕೂರೋದು ಸಾಕು. 2025-26ರ ಬಜೆಟ್‌ನೊಳಗೆ ಅತಿಥಿ ಶಿಕ್ಷಕರಿಗೆ 2,000, ಅಡುಗೆಯವರಿಗೆ 1,000 ಹೆಚ್ಚು ಮಾಡಿ ಬೇರೆ ಬೇರೆ ಮನೆಗೆ ಕಳಿಸಿದ್ರು. ಒಬ್ಬರ ಧರಣಿಗೆ ಇನ್ನೊಬ್ಬರು ಹೋಗಬೇಕು. ಪಾಲಕರು ಮೂವರ ಜೊತೆಗೂ ನಿಲ್ಲಬೇಕು.

ಮುಂದಿನ ಸಲ ಯಾರಾದ್ರೂ ನಿಮ್ಮ ಕಡೆ ಬಂದು ಮೇಯರ್ ನಮ್ಮ ಭಾಷೆಯವರ ಆಗಬೇಕು ಅಂದ್ರ, ಕೂರಿಸಿ ಚಹಾ ಕೊಡ್ರಿ. ಆಮೇಲೆ ಕೇಳ್ರಿ: ಅಣ್ಣಾ, ನಿಮ್ಮ ಮಕ್ಕಳು ಯಾವ ಸಾಲಿಗೆ ಹೋಗ್ತಾವು? ನಿಮ್ಮ ಓಣಿ ಬಳಿಯೋ ಅಕ್ಕನ ಪಗಾರ ಎಷ್ಟು, ಕಳೆದ ತಿಂಗಳು ಯಾವ ತಾರೀಖಿಗೆ ಆತು? ಉತ್ತರ ಕೊಟ್ಟವರ ಜೊತೆ ಮಾತು ಮುಂದುವರಿಸೋಣ.

ಮಾಹಿತಿ ಹಕ್ಕಿನ ಅರ್ಜಿ ನಮೂನೆ ಬೇಕಾದವರು ಕಮೆಂಟ್‌ನೊಳಗೆ ನಿಮ್ಮ ಊರಿನ ಹೆಸರು ಹಾಕ್ರಿ, ಕಳಿಸ್ತೀನಿ. ನಿಮ್ಮ ಊರಿನ ಸಾಲಿಯ ಪರಿಸ್ಥಿತಿನೂ ಬರೀರಿ.

ಜೈ ಭೀಮ್. ಜೈ ಸಂವಿಧಾನ.